ನೂರರ ತನಕ

ಹಾಗಲಕಾಯಿ ಅರೆದು ಹಚ್ಚಿದೆ.
ಮುಖ ಕಿವುಚಿದಳು, ಉಗಿದಳು,
ಲಂಗಕ್ಕೆ ಒರೆಸಿಕೊಂಡು ಮತ್ತೆ ಬಾಯಿಗಿಟ್ಟಳು.
ಬೇವಿನೆಣ್ಣೆ ಎರಡು ದಿನ ತಡೆಯಿತು,
ಬ್ಯಾಂಡೇಜು ಒಂದು ಮಧ್ಯಾಹ್ನ.
ಅತ್ತೆ ಹೇಳಿದರೆಂದು ಮೆಣಸಿನಪುಡಿ,
ಒಂದೇ ಒಂದು ಸಲ.
ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡಳು.
ಆ ರಾತ್ರಿ ಲಗ್ಗೆರೆಯ ನಮ್ಮ ಒಂಟಿ ಕೋಣೆಯಲ್ಲಿ
ಯಾರೂ ಸರಿಯಾಗಿ ಉಣ್ಣಲಿಲ್ಲ.

ಇಬ್ಬನಿಗೆ ಯುಗಾದಿಗೆ ಆರು ತುಂಬುತ್ತದೆ.
ಬಲಗೈ ಹೆಬ್ಬೆರಳು
ರಾತ್ರಿಯಿಡೀ ನೀರಲ್ಲಿಟ್ಟ ಅವರೆಕಾಳು,
ಹಿತುಕಿದರೆ ಸಿಪ್ಪೆ ಬಿಟ್ಟೀತು
ಅಷ್ಟು ಬಿಳಿಚಿ, ಸುಕ್ಕು ಸುಕ್ಕು.
ಯುಕೆಜಿ ಫೋಟೋದಲ್ಲಿ ಎಲ್ಲರೂ ನಗುತ್ತಾರೆ,
ಇವಳೊಬ್ಬಳು ಮುಷ್ಟಿಯ ಹಿಂದೆ.
ವ್ಯಾನಿನ ಹುಡುಗರು ಇಟ್ಟ ಹೆಸರು 'ಬಾಟ್ಲಿ ಪಾಪು'.
ಅದನ್ನವಳು ನನಗೆ ಹೇಳಲಿಲ್ಲ.
ಗೊಂಬೆಗೆ ಹಾಗಂತ ಬೈಯುವಾಗ ಕೇಳಿಸಿಕೊಂಡೆ.

ಒಂದು ಶನಿವಾರ ಅತ್ತೆಗೆ ಜ್ವರ.
ಬಿಡಲು ಜಾಗವಿಲ್ಲದೆ, ಡಿಪೋದಲ್ಲಿ ಯಾರಿಗೂ ಹೇಳದೆ,
ಸುಮನಹಳ್ಳಿಯಲ್ಲಿ ಬಸ್ಸು ಹತ್ತಿಸಿಕೊಂಡೆ,
ನನ್ನ ಸೀಟಿನಲ್ಲೇ, ಕಿಟಕಿಯ ಬದಿಗೆ.
ಡ್ರೈವರ್ ಬೈಲಪ್ಪಣ್ಣ ಕನ್ನಡಿಯಲ್ಲಿ ನೋಡಿ
ನೋಡದ ಹಾಗಿದ್ದರು.

ಮೆಷಿನ್ನು ಎಂದಿನಂತೆ ಮುನಿಸಿಕೊಂಡಿತ್ತು.
ಹೆಂಗಸರ ಗುಲಾಬಿ ಟಿಕೆಟ್ಟಿನ ಕಟ್ಟು,
ಹೆಬ್ಬೆರಳು ನಾಲಿಗೆಗೆ, ಟಿಕೆಟ್ಟಿಗೆ, ಹರಿ,
ನಾಲಿಗೆಗೆ, ಟಿಕೆಟ್ಟಿಗೆ, ಹರಿ,
ಒಳಗೆ ಹೋಗ್ರಮ್ಮ, ಹಿಂದೆ ಖಾಲಿ ಇದೆ,
ನಾಲಿಗೆಗೆ, ಟಿಕೆಟ್ಟಿಗೆ,
ಚಿಲ್ಲರೆ ಕೊಡಿ ಸಾರ್, ಬೆಳಗ್ಗೆ ಬೆಳಗ್ಗೆ ಐನೂರು ಕೊಟ್ರೆ ಹೆಂಗೆ?

ಮಾರ್ಕೆಟ್ಟಿನಲ್ಲಿ ಬಸ್ಸು ನಿಂತು
ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಹೇಳಿದಳು:
"ಅಮ್ಮ, ನೀನೂ ಬಾಯಿಗೆ ಹಾಕ್ಕೋತೀಯ.
ನೂರರ ತನಕ ಎಣಿಸ್ದೆ.
ಆಮೇಲೆ ನಂಗೆ ಬರಲ್ಲ."

ದೂರಲಿಲ್ಲ, ಅಣಕಿಸಲಿಲ್ಲ.
ಪರಸ್ಥಳದಲ್ಲಿ ನೆಂಟರು ಸಿಕ್ಕ ಹಾಗಿತ್ತು ಮುಖ.
ಇದು ಕೆಲಸ ಕಣೇ, ಅನ್ನಲು ಬಾಯಿ ತೆರೆದೆ.
ಬಾಯಲ್ಲಿ ಕಾಗದ,
ಊರಿನ ಕೈಗಳೆಲ್ಲ ಮುಟ್ಟಿದ ಹತ್ತರ ನೋಟು.
ಹನ್ನೊಂದು ವರ್ಷದಲ್ಲಿ
ಅದರ ರುಚಿ ಗೊತ್ತಾಗಿದ್ದು ಅವತ್ತು.

ಅವೆನ್ಯೂ ರಸ್ತೆಯಲ್ಲಿ
ನೋಟೆಣಿಸುವವರ ಸ್ಪಂಜಿನ ಡಬ್ಬಿ ಸಿಗುತ್ತದೆ.
ಅವಳೇ ಬಣ್ಣ ಆರಿಸಿದಳು, ಹಸಿರು.
ಬೆಳಿಗ್ಗೆ ನೀರು ತುಂಬುವುದು ಅವಳ ಡ್ಯೂಟಿ.
ರಾತ್ರಿ, ಡಿಪೋದಲ್ಲಿ ಒಪ್ಪಿಸಿದ ಮೇಲೆ,
ಇನ್ನೊಂದು ಲೆಕ್ಕ ಚಾಪೆಯ ಮೇಲೆ.
"ಎಷ್ಟು?"
"ನಲವತ್ತು. ನಿಂದು?"
"ಹತ್ತು. ನಿದ್ದೇದು ಗೊತ್ತಿಲ್ಲ."
"ನಿದ್ದೇದು ಬೇಡ, ಬಿಡು."

ಒಮ್ಮೆ ಸುಳ್ಳು ಹೇಳಿದೆ.
ಗೊರಗುಂಟೆಪಾಳ್ಯದ ನೂಕುನುಗ್ಗಲು,
ಸ್ಪಂಜು ಒಣಗಿ ರಸ್ಕಾಗಿತ್ತು,
ಬೆರಳು ತಾನಾಗಿ ಹಳೆ ದಾರಿ ಹಿಡಿಯಿತು.
ಆಚೀಚೆ ನೋಡಿದೆ,
ಯಾರಾದರೂ ಎಣಿಸುತ್ತಿದ್ದಾರೇನೋ ಎಂದು.
ರಾತ್ರಿ 'ಎರಡು' ಅಂದೆ.
"ನಾಲಿಗೆ ತೋರ್ಸು. ಗುಲಾಬಿ ಇದೆ."
"ನಾಲಿಗೆ ಗುಲಾಬೀನೇ ಇರತ್ತೆ."
ನಂಬಲಿಲ್ಲ.
ಕನ್ನಡಿ ತಂದು ತನ್ನದನ್ನೂ ಚಾಚಿ
ಬಹಳ ಹೊತ್ತು ಹೋಲಿಸಿ ನೋಡಿದಳು.

ಅತ್ತೆ ಕೇಳುತ್ತಾರೆ, ಏನು ಹಚ್ಚಿದೆ ಕೊನೆಗೆ?
ಏನು ಹೇಳಲಿ.
ಪೂರ್ತಿ ಬಿಟ್ಟೂ ಇಲ್ಲ.
ಕರೆಂಟು ಹೋಗಿ, ಪಕ್ಕದ ಗಾರ್ಮೆಂಟ್ಸಿನ ಜನರೇಟರು
ಗೋಡೆ ನಡುಗಿಸುವ ರಾತ್ರಿ
ಕೈ ಮೆಲ್ಲಗೆ ಹೊರಡುತ್ತದೆ ಕೆನ್ನೆಯ ಮೇಲಿಂದ.
ನಾನು ಎಳೆಯುವುದಿಲ್ಲ.
ನಿದ್ದೇದು ಬೇಡ ಅಂತ ಮಾತಾಗಿದೆ.

ಬೆಳಿಗ್ಗೆ ನಲ್ಲಿಯಡಿ ಡಬ್ಬಿ ಹಿಡಿದು ನಿಲ್ಲುತ್ತಾಳೆ.
ಹೆಬ್ಬೆರಳಲ್ಲಿ ಸುಕ್ಕು ಇಳಿದ ಕಡೆ
ಇಷ್ಟು ದಿನ ಎಲ್ಲಿತ್ತೋ,
ಸಣ್ಣ ಗೆರೆಗಳ ಒಂದು ಸುಳಿ.
ಜಾಸ್ತಿ ತುಂಬಬೇಡ, ಚೆಲ್ಲತ್ತೆ, ಅನ್ನುತ್ತೇನೆ.