ಎಂಡ

ಶ್ರೀನಿವಾಸಪುರದಲ್ಲಿ, ಚಿಂತಾಮಣಿ ರಸ್ತೆಗೆ,
ನಮ್ಮ ವೈನ್ಸ್ ಅಂಗಡಿಯ ಮುಖ ಪಡುವಣಕ್ಕೆ.
ಮೂರು ಗಂಟೆಯ ಬಿಸಿಲು ಬಾಗಿಲಲ್ಲಿ ನಿಂತು ಕೆಮ್ಮುವುದಿಲ್ಲ,
ಸೀದಾ ಒಳಗೆ ಬಂದು ಗಾಜಿನ ಬೀರುವಿನಲ್ಲಿ ಕೂರುತ್ತದೆ
ಹಸಿರು ಬಾಟಲಿಗಳ ನಡುವೆ.
ಆಗ ಅಂಗಡಿಗೆ ಅಂಗಡಿಯೇ ಕೆರೆಯ ತಳ.
ಓನರು ಕದಿರಪ್ಪನಿಗೆ ಅದೇ ಹಿಗ್ಗು:
"ಹೆಂಗೆ ಮಿಂಚ್ತಾವೆ ನೋಡು. ಮಿಂಚಿದ್ದು ಮಾರ್ತದೆ."

ಪಿಳ್ಳಪ್ಪ ಬಾಟಲಿ ವಾಪಸು ತಂದದ್ದು ಏಪ್ರಿಲ್ಲಿನಲ್ಲಿ.
ಎರಡು ಗುಟುಕೂ ಇಳಿದಿರಲಿಲ್ಲ.
ಕಂಬಿಯೊಳಗೆ ಮೂಗು ತೂರಿಸಿ ಹೇಳಿದ:
"ಇದು ಎಂಡ ಕುಡಿದೈತೆ."
"ಬೀರು ಎಲ್ಲಾದ್ರೂ ಎಂಡ ಕುಡೀತದಾ ಯಜಮಾನ?" ನಾನು ನಕ್ಕೆ.

ನಮ್ಮ ಕಡೆ ಒಂದೇ ಬಾಯಲ್ಲಿ ಎರಡು ಭಾಷೆಯ ಸಂಸಾರ.
ತೆಲುಗಿನ ಎಂಡ, ಬಿಸಿಲು.
ಕನ್ನಡದ ಹೆಂಡವೂ ಅವಸರದಲ್ಲಿ
ಹಕಾರ ಮನೆಯಲ್ಲೇ ಮರೆತು ಬಂದರೆ, ಎಂಡ.

ಅವನು ನಗಲಿಲ್ಲ. "ಮೂಸು" ಅಂದ.
ಮೂಸಿದೆ.
ಚಾಪೆಯ ಅಂಚಿನಲ್ಲಿ ಹಿಸುಕಿದ ತಿಗಣೆ,
ಕುಕ್ಕರಿನ ಸುಟ್ಟ ರಬ್ಬರು.

ಮೂವತ್ತೊಂದು ವರ್ಷ ಅವನು ಊರ ಟಾಕೀಸಿನ ಆಪರೇಟರು.
ಬೆಳಕಿನ ಬುದ್ಧಿ ಅವನಿಗೆ ಗೊತ್ತು.
ರೀಲು ಒಂದು ಚಣ ಸಿಕ್ಕಿಕೊಂಡರೂ ಸಾಕು,
ನಾಯಕಿಯ ಕೆನ್ನೆಯ ಮೇಲೆ ಒಂದು ಕಂದು ಹೂ
ಅರಳುತ್ತ ಅರಳುತ್ತ ಪರದೆಯನ್ನೇ ನುಂಗುತ್ತಿತ್ತು.
"ಬೆಳಕು ಓಡ್ತಾ ಇರಬೇಕು. ನಿಂತರೆ ತಿನ್ನಕ್ಕೆ ಶುರು ಮಾಡ್ತದೆ."

ಟಾಕೀಸು ಈಗ ಮಾವಿನ ಮಂಡಿ.
ಬಾಲ್ಕನಿಯ ಕೆಳಗೆ ಹುಲ್ಲು ಹಾಸಿ ಬಾದಾಮಿ ಹಣ್ಣಿಗೆ ಹಾಕುತ್ತಾರೆ,
ಕಾವು ಅಲ್ಲಿ ಹುಳಿಯ ಕೈ ಹಿಡಿದು ಸಿಹಿಗೆ ದಾಟಿಸುತ್ತದೆ.
ಅದೇ ಕಾವು, ರಸ್ತೆಯ ಈಚೆಗೆ,
ನಮ್ಮ ಗೋಡೌನಿನ ತಗಡಿನ ಕೆಳಗೆ,
ಬೀರನ್ನು ನೆನೆದ ರಟ್ಟು ಮಾಡುತ್ತದೆ.
ಯಾರಿಗೆ ಬೈಯುವುದು?

ಹಟಕ್ಕೆ ಬಿದ್ದು ನಾನು ಒಂದೇ ಕೇಸಿನ ಮೂರು ಬಾಟಲಿ ತೆಗೆದೆ.
ಒಂದು ಬೀರುವಿಗೆ. ಒಂದು ತಗಡಿನ ಕೆಳಗೆ, ಕತ್ತಲಲ್ಲೇ, ಆದರೆ ಸೆಕೆಗೆ.
ಒಂದು ಸಂಪಿನ ಪಕ್ಕ, ಒದ್ದೆ ಗೋಣಿಯಲ್ಲಿ ಸುತ್ತಿ.
ತಿಂಗಳಾದ ಮೇಲೆ ಒಂದು ರಾತ್ರಿ, ಶಟರು ಅರ್ಧ ಎಳೆದು,
ಮೂರು ಸ್ಟೀಲು ಲೋಟ.
ಫ್ರಿಜ್ಜಿಗೆ ಇಡಬೇಡ ಅಂದಿದ್ದ:
"ನಾಲಿಗೆ ಮರಗಟ್ಟಿದರೆ ಕಳ್ಳನೂ ಸಾಹುಕಾರನೇ."

ಗೋಡೆಗೆ ಮುಖ ಮಾಡಿ ಕುಡಿದ.
ಮೊದಲನೆಯದಕ್ಕೆ, "ಎಂಡ."
ಎರಡನೆಯದಕ್ಕೆ, "ರಟ್ಟು. ಟೊಮೇಟೊ ಬಾಕ್ಸು, ಮಳೆಗೆ ಸಿಕ್ಕಿದ್ದು."
ಮೂರನೆಯದಕ್ಕೆ ಏನೂ ಹೇಳದೆ ಲೋಟ ಖಾಲಿ ಮಾಡಿ
ಮತ್ತೆ ಚಾಚಿದ.
ಉಳಿದದ್ದನ್ನು ನಾನೂ ನೆಕ್ಕಿ ನೋಡಿದೆ:
ಹುರಿದ ಕಾಳಿನ ಘಮ,
ಮೆಂತ್ಯದ ಸೊಪ್ಪಿನಷ್ಟು ಮಾತ್ರ ಕಹಿ.
ಐದು ವರ್ಷದಿಂದ ಮಾರುತ್ತಿದ್ದೇನೆ,
ಇದರ ರುಚಿ ಹೀಗೆಂದು ನನಗೆ ಯಾರೂ ಹೇಳಿರಲಿಲ್ಲ.

ಕದಿರಪ್ಪನಿಗೆ ಹೇಳಿದೆ. "ಕುಡಿಯೋರು ಕುಡೀತಾರೆ ಬಿಡೋ,
ಮೂಸಿ ನೋಡೋಕೆ ಇದೇನು ಮಲ್ಲಿಗೆ ಮೊಳಾನಾ?"

ಮಾರನೇ ವಾರ ಪಿಳ್ಳಪ್ಪ ಕಂಕುಳಲ್ಲಿ ಒಂದು ಸುರುಳಿ ತಂದ,
ನುಸಿಗುಳಿಗೆಯ ವಾಸನೆಯ ಹಳೆಯ ವಾಲ್‌ಪೋಸ್ಟರು.
ಮೈದಾ ಅಂಟು ಕಾಯಿಸಿ ಇಬ್ಬರೂ ಕಿಟಕಿಗೆ ಮೆತ್ತಿದೆವು.
ಕೆಂಪು ಅಂಗಿಯ ನಾಯಕ, ಹಿಂದೆ ಒಂದು ಬೆಟ್ಟ, ಒಂದು ಜೀಪು.
ಪೋಸ್ಟರು ನೋಡಲು ನಿಂತವರು ಬಾಟಲಿಯೂ ಕೊಂಡರು,
ಕದಿರಪ್ಪ ಸುಮ್ಮನಾದ.

ಎರಡು ಬೇಸಿಗೆ ಆಯಿತು.
ಬೀರಿನ ಬದಲು ನಾಯಕ ಬಿಸಿಲು ಕುಡಿಯುತ್ತಿದ್ದಾನೆ.
ಕೆಂಪು ಮೊದಲು ಹೋಯಿತು, ಆಮೇಲೆ ಹಳದಿ.
ಈಗ ಅಂಗಿ, ಬೆಟ್ಟ, ಜೀಪು, ಮುಖ ಎಲ್ಲ ಒಂದೇ ನೀಲಿ.

ಮಡಿಕೆ ಹರಿದ ಕಡೆ ಸಣ್ಣ ತೂತು.
ಮೂರು ಗಂಟೆಗೆ ಅಲ್ಲಿಂದ ಕಡ್ಡಿಯಂಥ ಒಂದು ಕಿರಣ
ಧೂಳು ಕುಣಿಸುತ್ತ ಅಂಗಡಿ ದಾಟಿ
ಮೇಲಿನ ಸಾಲಿನ ಒಂದೇ ಬಾಟಲಿಗೆ ತಾಗುತ್ತದೆ.
ಅಂಟಿಸಲು ಹೋದೆ. ಪಿಳ್ಳಪ್ಪ ಕೈ ಹಿಡಿದ.
"ಇರಲಿ ಬಿಡು. ಆ ಒಂದು ಬಾಟ್ಲು ಮಾತ್ರ
ಯಾರಿಗೂ ಮಾರಬೇಡ" ಅಂದು
ಖಾಲಿ ಕ್ರೇಟು ಬೋರಲು ಹಾಕಿ ಕೂತ,
ಕಿರಣಕ್ಕೆ ಅಡ್ಡ ಬಾರದ ಹಾಗೆ ತಲೆ ತಗ್ಗಿಸಿ.