ಒಕ್ಕಣೆ

ದುರ್ಮತಿ ಸಂವತ್ಸರ, ಮಾಘ ಬಹುಳ ತದಿಗೆ.
ಹೊಸಂಗಡಿ ಘಟ್ಟ ಹತ್ತಿ ಬಂದ ಟಪಾಲಿನ ದ್ಯಾವ
ನಗರದ ಕಚೇರಿಯ ಜಗಲಿಯಲ್ಲಿ ಕೂತು
ಕಾಲಿನ ಮುಳ್ಳು ಕೀಳುತ್ತಲೇ
ಎಡಗೈಯಲ್ಲಿ ಕಾಗದ ಚಾಚಿದ.
ಬಯ್ಯಬೇಕಿತ್ತು. ಅರಗಿನ ಮುದ್ರೆ ನೋಡಿ ಮರೆತೆ:
ರೆಕ್ಕೆ ಬಿಚ್ಚಿದ ಹದ್ದು, ಒಂದು ಕಾಲಲ್ಲಿ ಬಾಣ,
ಇನ್ನೊಂದರಲ್ಲಿ ಯಾವುದೋ ಸೊಪ್ಪು.
ನಮ್ಮ ಗಂಡಭೇರುಂಡಕ್ಕೆ ತಲೆ ಎರಡು,
ಇದಕ್ಕೆ ಒಂದೇ. ಇನ್ನೊಂದು ದಾರಿಯಲ್ಲಿ ಮುರಿಯಿತೋ
ಮೊದಲೇ ಇರಲಿಲ್ಲವೋ.

ಮೇಲ್ವಿಳಾಸ: ‘ಬಿದನೂರಿನ ಅರಸರ ಸನ್ನಿಧಿಗೆ.’

ಅಯ್ಯಾ, ಬಿದನೂರಿನ ಅರಸರು ಹೋಗಿ
ನನ್ನ ವಯಸ್ಸಿನಷ್ಟೇ ವರ್ಷವಾಯಿತು.
ಪೇಟೆ ಉರಿಯುತ್ತಿದ್ದ ರಾತ್ರಿ ಅಮ್ಮನಿಗೆ ಹೆರಿಗೆ ನೋವು,
ಅಪ್ಪ ದಫ್ತರು ಹೊತ್ತುಕೊಂಡು ಓಡಿದನಂತೆ,
ಅವಳನ್ನಲ್ಲ.
ಆಮೇಲೆ ಊರು ಹೈದರನಗರವಾಯಿತು, ಬರೀ ನಗರವಾಯಿತು.
ಮೂರು ದೊರೆತನದ ಮೊಹರು ನನ್ನ ಪೆಟ್ಟಿಗೆಯಲ್ಲಿ
ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ.
ಈ ಕಾಗದವೋ, ಯಾವುದೋ ಹಳೆಯ ನಕಾಶೆ ನಂಬಿ
ಸತ್ತವರ ಬಾಗಿಲು ತಟ್ಟಿದೆ.

ಹೊನ್ನಾವರದ ದುಭಾಷಿ ಪಾಸ್ಕೋಲ ಓದಿ ಹೇಳಿದ:
ಕಪ್ಪಿತಾನನೊಬ್ಬ, ಅವನ ನಾಡಿನ ವಕೀಲನೂ ಹೌದು.
ಊರು ಸೇಲಂ. ನಮ್ಮ ಸೇಲಂ ಅಲ್ಲ,
ಎರಡು ಸಮುದ್ರದ ಆಚೆಯದು.
ಮುನ್ನೂರು ಖಂಡಿ ಒಳ್ಳೆಮೆಣಸು ಬೇಕು, ಬೆಳ್ಳಿ ಕೊಡುತ್ತಾನೆ,
ತೂಕದಲ್ಲಿ ಮೋಸ ಆಗಬಾರದು,
ಉಭಯತ್ರರಿಗೂ ಸ್ನೇಹ ಬೆಳೆಯಲಿ. ಇಷ್ಟೆ.

“ಉತ್ತರ ಬರೆಯಿರಿ ಚೌಡಪ್ಪಯ್ಯನವರೆ” ಅಂದರು ಫೌಜುದಾರರು.
ಬರೆಯೋಣ. ಕಡತ ಬಿಚ್ಚಿದೆ, ಬಳಪ ಚೂಪು ಮಾಡಿದೆ.
ಮೆಣಸಿನ ಮಾತು ಕಡೆಗೆ. ಮೊದಲು ಒಕ್ಕಣೆ.
ಅರಸಿಗಾದರೆ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು
ಸ್ವಸ್ತಿ ಶ್ರೀಮತು, ಆಮೇಲೆ ಏಳು ಬಿರುದು.
ಸಮಾನರಿಗೆ ರಾಜಮಾನ್ಯ ರಾಜಶ್ರೀ, ಎರಡು ಬೆರಳು.
ಕೆಳಗಿನವರಿಗೆ ಬರೀ ಹೆಸರು,
ಹಿಂದೆಯೇ ‘ಬರಸಿ ಕಳುಹಿದ ನಿರೂಪ’.

“ಅವರ ಅರಸರ ಹೆಸರೇನು ಪಾಸ್ಕೋಲ?”
“ಅರಸರಿಲ್ಲ.”
“ತೀರಿಕೊಂಡರೆ?”
“ಇಲ್ಲ. ಇಟ್ಟುಕೊಂಡಿಲ್ಲ.”

ಒಬ್ಬನನ್ನು ಆರಿಸಿ ನಾಲ್ಕು ವರ್ಷ ಕೂರಿಸುತ್ತಾರಂತೆ.
ಮೊದಲು ಕೂತವನು ಎರಡು ಸಲ ಕೂತು, ಸಾಕೆಂದು ಎದ್ದು,
ಊರಿಗೆ ಹೋಗಿ ಹೊಲ ನೋಡಿಕೊಂಡನಂತೆ.
ಯಾರೂ ಬೆನ್ನಟ್ಟಲಿಲ್ಲವಂತೆ, ಕಣ್ಣು ಕೀಳಲಿಲ್ಲವಂತೆ.
ಫೌಜುದಾರರು ಹೊಟ್ಟೆ ಹಿಡಿದು ನಕ್ಕರು.
ನನಗೆ ನಗು ಬರಲಿಲ್ಲ. ಪೆಟ್ಟಿಗೆಯ ಮೊಹರುಗಳಲ್ಲಿ
ಯಾವುದರ ಒಡೆಯನೂ ತಾನಾಗಿ ಎದ್ದವನಲ್ಲ.

“ಆ ಹೊಲ ಉಳುವವರು?” ಕೇಳಿದೆ, ಸುಮ್ಮನೆ.
“ಕೊಂಡ ಆಳುಗಳು. ಅವರ ಮಕ್ಕಳೂ ಅವನ ಲೆಕ್ಕಕ್ಕೇ.”
ಅದಕ್ಕೆ ಪದ ಹುಡುಕಬೇಕಾಗಿರಲಿಲ್ಲ.
ಹುಟ್ಟಾಳು, ಮಣ್ಣಾಳು. ನಮ್ಮ ಜಾಬಿತೆಯಲ್ಲಿ
ಎತ್ತುಗಳ ಸಾಲಿನ ಕೆಳಗೇ ಇದೆ ಆ ಸಾಲು,
ನನ್ನದೇ ದುಂಡು ಅಕ್ಷರ.
ಜಗಲಿಯಲ್ಲಿ ದ್ಯಾವ ಮುಳ್ಳು ಕಿತ್ತಾಗಿತ್ತು,
ನೀರು ಕೇಳಲೋ ಬೇಡವೋ ಎಂಬಂತೆ ನಿಂತಿದ್ದ.

‘ಶ್ರೀಮನ್ಮಹಾ’ ಎಂದು ಬರೆದೆ, ಒರೆಸಿದೆ.
‘ಪಟ್ಟಣಶೆಟ್ಟರಿಗೆ’, ಒರೆಸಿದೆ.
‘ಊರ ಗೌಡರಿಗೆ’. ಹತ್ತಿರ ಬಂತು,
ಆದರೆ ಗೌಡಿಕೆ ಮಗನಿಗೆ ಹೋಗುತ್ತದೆ.
‘ಎದ್ದು ಹೋಗಬಲ್ಲವರಿಗೆ’
ಎಂದು ಬರೆದು ಬಹಳ ಹೊತ್ತು ನೋಡಿದೆ.
ಯಾರೋ ಬಂದ ಸದ್ದಿಗೆ ಅದನ್ನೂ ಹೆಬ್ಬೆರಳಲ್ಲಿ ತಿಕ್ಕಿದೆ.

ಕೊನೆಗೆ ಅಪ್ಪಣೆ ಬೇಡಿ ಶ್ರೀರಂಗಪಟ್ಟಣಕ್ಕೆ ಬರೆದೆವು.
ಅಲ್ಲಿಂದ ರೆಸಿಡೆಂಟರಿಗೆ, ಅವರಿಂದ ಮದರಾಸಿಗೆ.
ಆ ಒಕ್ಕಣೆಗಳೆಲ್ಲ ಸರಿಯಾಗಿದ್ದವು.
ರುಧಿರೋದ್ಗಾರಿಯಲ್ಲಿ ತಿರುಗಿ ಬಂತು, ಒಂದೇ ಸಾಲು:
‘ಸದರಿ ಕಾಗದವನ್ನು ದಫ್ತರಿನಲ್ಲಿ ಇಡತಕ್ಕದ್ದು.’
ಇಟ್ಟೆ. ಹಡಗು ಯಾವಾಗಲೋ
ಬೇರೆ ಬಂದರಿನ ಮೆಣಸು ತುಂಬಿಕೊಂಡು ಹೋಗಿತ್ತು.

ಕಡತದ ಆ ಒಂದು ಮಡಿಕೆ
ಎಷ್ಟು ಹುಣಸೆಬೀಜದ ಸರಿ, ಇದ್ದಿಲು ಬಳಿದರೂ
ಪೂರ್ತಿ ಕಪ್ಪಾಗುವುದಿಲ್ಲ.
ಮೇಲ್ಗಡೆ ನಾಲ್ಕು ಬೆರಳು, ಮಾಸಲು ಬಿಳುಪು.
ಹೊಸ ಗುಮಾಸ್ತ ಕೇಳಿದ, ಇಲ್ಲಿ ಏನಿತ್ತು ಅಂತ.
ಮೆಣಸಿನ ದರ, ಅಂದೆ.