ತೆರಿಯಾದು

ಕಾರವಾರದ ದಂಡೆಯಲ್ಲಿ ಒಂದು ಯುದ್ಧನೌಕೆಯನ್ನು
ಮರಳಿಗೆ ಎಳೆದು ನಿಲ್ಲಿಸಿದ್ದಾರೆ.
ಅದರ ಬಾಗಿಲಲ್ಲಿ ಟಿಕೆಟು ಹರಿಯುವವನು ನಾನು,
ನಿವೃತ್ತ ಹವಾಲ್ದಾರ ಹಮ್ಮಣ್ಣ ಗಾಂವಕರ.
ಭೂಸೇನೆಯವನಿಗೆ ಹಡಗಿನ ಕಾವಲು.
ಗುತ್ತಿಗೆದಾರನಿಗೆ ಮೀಸೆಯೊಂದಿದ್ದರೆ ಸಾಕಿತ್ತು.

ನಿನ್ನೆ ಶಿರಸಿ ಕಡೆಯ ಶಾಲೆಹುಡುಗ
ನನ್ನ ಎದೆಯ ಬಣ್ಣದ ಪಟ್ಟಿ ನೋಡಿ ಕೇಳಿದ:
"ಅಜ್ಜಾ, ನೀವು ಗೆದ್ದ ಯುದ್ಧ ಯಾವ್ದು?"
ಐಸ್‌ಕ್ರೀಮು ಅವನ ಮೊಣಕೈವರೆಗೆ ಇಳಿದಿತ್ತು.
"ಹತ್ತು ರೂಪಾಯಿ ಚಿಲ್ಲರೆ ಇದ್ಯಾ?" ಎಂದೆ.

ಎಂಬತ್ತೇಳು. ಜಾಫ್ನಾ.
ಶಾಂತಿ ಕಾಯಲು ಹೋದವರು ನಾವು,
ಕಾಗದದಲ್ಲಿ ಹಾಗೆಂದೇ ಬರೆದಿತ್ತು.
ಮೊದಲು ಹಾರ ಹಾಕಿದರು. ಮಲ್ಲಿಗೆ.
ಆಮೇಲೆ ಅದೇ ರಸ್ತೆಯಡಿಯಿಂದ
ಕುಟ್ಟಪ್ಪನ ಎಡಗಾಲು ಹಾರಿಹೋಯಿತು.

ನಕಾಶೆಯಲ್ಲಿ ಇಪ್ಪತ್ತು ಮನೆ.
ನೆಲದಲ್ಲಿ ಬರೀ ಬೇಲಿ, ತಾಳೆಗರಿಯ ಎತ್ತರದ ಬೇಲಿ,
ಬೇಲಿಗೆ ನಾಯಿ ನುಸುಳುವಷ್ಟು ಕಂಡಿ.
ಆ ಕಂಡಿಗಳೇ ಊರಿನ ಹೆದ್ದಾರಿಯೆಂದು
ನಮಗೆ ತಿಳಿದದ್ದು ಎರಡು ವರ್ಷದ ಮೇಲೆ,
ಹೊರಡುವ ತಿಂಗಳು.

ಒಂದು ಮನೆಯಲ್ಲಿ ಮುದುಕಿ
ಕೇಳದೆಯೇ ಬಾವಿಯಿಂದ ನೀರು ಸೇದಿ ಕೊಟ್ಟಳು.
"ಹುಡುಗರೆಲ್ಲಿ?" ದುಭಾಷಿ ಕೇಳಿದ.
"ತೆರಿಯಾದು."
"ಗೊತ್ತಿಲ್ಲವಂತೆ," ಎಂದ. ಹೇಳಬೇಕಿರಲಿಲ್ಲ.
ಒಲೆಯ ಮೇಲೆ ಐದು ಜನರ ಅನ್ನ ಕುದಿಯುತ್ತಿತ್ತು.
ಅವಳ ದೃಷ್ಟಿ ನನ್ನ ಬೂಟಿನ ಮೇಲೆ.
ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು,
ಬಿಚ್ಚುತ್ತಿದ್ದಳು, ಸುತ್ತುತ್ತಿದ್ದಳು.

ಆ ಬೆರಳು ನನಗೆ ಗೊತ್ತಿತ್ತು.

ಅಂಕೋಲೆಯಲ್ಲಿ, ಉಪ್ಪಿನ ವರ್ಷ,
ಕರಪತ್ರದ ಹುಡುಗನನ್ನು ಭತ್ತದ ಮೂಡೆಗಳ ಹಿಂದೆ ಕೂರಿಸಿ
ನನ್ನಜ್ಜಿ ಬೀರಮ್ಮ ಪೊಲೀಸರಿಗೆ ಹೇಳಿದ್ದಳು:
"ನಂಗೇನ್ ಗುತ್ತು ಒಡೆಯಾ, ನಾ ಹೆಂಗಸು."
ಈ ಕತೆ ಹೇಳುವಾಗೆಲ್ಲ ಸೆರಗು ಸುತ್ತಿ ತೋರಿಸುತ್ತಿದ್ದಳು.
ಆ ಪೊಲೀಸನ ಪೆದ್ದುತನಕ್ಕೆ
ನಾವು ಮಕ್ಕಳು ಜಗುಲಿಯಿಂದ ಉರುಳಿಬೀಳುವಂತೆ ನಗುತ್ತಿದ್ದೆವು.

ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ.
ಅಜ್ಜಿಯ ಹುಡುಗನ ಚೀಲದಲ್ಲಿ ಇದ್ದದ್ದು ಕಾಗದ.
ಇವರ ಹುಡುಗರು ತಮ್ಮವರನ್ನೇ
ದೀಪದ ಕಂಬಕ್ಕೆ ಕಟ್ಟಿ ಕೊಂದದ್ದನ್ನು ನಾನೇ ಬಿಚ್ಚಿ ಇಳಿಸಿದ್ದೇನೆ.
ಮುದುಕಿಯ "ತೆರಿಯಾದು"ವಿನಲ್ಲಿ ಅರ್ಧ ಮಮತೆ,
ಅರ್ಧ ಭಯ ಇದ್ದೀತು.
ಯಾವ ಅರ್ಧ ಯಾವುದೆಂದು ತಿಳಿಯಲು
ಆ ಊರಲ್ಲೇ ಹುಟ್ಟಬೇಕಿತ್ತು.

ನಾನು ಬಂಕರಿನ ಗೋಡೆಯಲ್ಲಿ ದಿನಗಳನ್ನು ಗೀರುತ್ತಿದ್ದೆ.
ಅವಳ ಗೋಡೆಯಲ್ಲಿ ಗೀರುಗಳಿರಲಿಲ್ಲ.

ಅಡುಗೆಮನೆ ಶೋಧಿಸದೆ ಹೊರಬಂದೆ.
ದಾಖಲೆಯಲ್ಲಿ "ಏನೂ ಸಿಗಲಿಲ್ಲ" ಎಂದು ಬರೆಸಿದೆ.
ಮಾರನೇ ವಾರ ಆ ತಿರುವಿನಲ್ಲಿ ಇಬ್ಬರು ಸತ್ತರು.
ಆ ಅನ್ನ ತಿಂದವರೇ ಮಾಡಿದರೋ, ಬೇರೆಯವರೋ.
ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ತೊಂಬತ್ತರಲ್ಲಿ ಮರಳಿದಾಗ ಅಜ್ಜಿಗೆ ಎಂಬತ್ತು.
ನಿನಗೆ ಹೆದರಿಕೆ ಆಗಿರಲಿಲ್ಲವಾ, ಎಂದು ಕೇಳಿದೆ.
"ಆಗ್ದೇ ಇರ್ತದ್ಯಾ? ಆದ್ರೆ ಅವ್ರಿಗೆ ತಿರುಗಿ ಹೋಗೂಕೆ ಊರಿತ್ತು, ತಮಾ.
ನಂಗೆ ಎಲ್ಲಿತ್ತು?"
ಎಂದು ಎಲೆಗೆ ಸುಣ್ಣ ಹಚ್ಚಿದಳು.

ಹುಡುಗ ಹಡಗು ಸುತ್ತಿ ಇಳಿದುಬಂದ.
"ಇದು ಹೋಗಿ ಎಲ್ಲಾ ಗುಂಡು ಹೊಡ್ದು ಬಂದದ್ದಾ?"
"ಇರಬೇಕು."
"ಮತ್ತೆ ಅಲ್ಲಿ ಏನಾಯ್ತು?"

ಗೊತ್ತಿಲ್ಲ ಮಗಾ, ಎಂದೆ.
ನೋಡಿದರೆ
ಟಿಕೆಟು ಸುರುಳಿಯ ತುದಿ
ನನ್ನ ತೋರುಬೆರಳಿಗೆ ಎರಡು ಸುತ್ತು ಬಂದಿತ್ತು.
ಬಿಚ್ಚಿ, ಹರಿದು,
ಹಿಂದೆ ನಿಂತವರಿಗೆ ಕೊಟ್ಟೆ.